ಐದು ಕೆಜಿ ಬೀಜ, ಮೇಲೊಂದು ಹಿಡಿ

ಮನುಷ್ಯನು ಸ್ವಸ್ಥಳವನ್ನು ಬಿಟ್ಟು ಪರಸ್ಥಳಕ್ಕೆ ಹೋದಾಗಲೇ ಅವನ ಬುದ್ಧಿ ವಿಕಾಸವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರು ಚನ್ನಗಿರಿಗೆ ಬಂದು ಕಾಫಿ ಕೇಳಿದವರಲ್ಲ.

ನಾನು ಕೇಳಿದೆ. ಎಂಬತ್ತೈದನೇ ಇಸವಿಯ ಬೇಸಿಗೆ. ಮೈಸೂರಿನಿಂದ ದಿನವಿಡೀ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು, ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು, ಕಾಫಿ ಇದೆಯೇ ಎಂದೆ. "ಐತ್ರೀ, ಕೂಡ್ರಿ" ಎಂದರು. ಹತ್ತು ನಿಮಿಷದ ಮೇಲೆ ಗಾಜಿನ ಲೋಟದಲ್ಲಿ ಚಹ ಬಂತು.

"ಇದು ಚಹ ಅಲ್ಲವೇ?"

"ಚಾನೇ ರೀ. ಕಾಫಿಪುಡಿ ಮುಗಿದೈತೆ. ಬಿಸಿಲಾಗೆ ಬಂದೋರಿಗೆ ಇಲ್ಲ ಅಂತ ಹೆಂಗೆ ಹೇಳಾಕಾಗ್ತೈತೆ?"

ಮೈಸೂರಿನಲ್ಲಾದರೆ ಕಾಫಿ ಇರುವಾಗಲೂ "ಇಲ್ಲ, ಈಗ ಹಾಲು ಬರಬೇಕು" ಎನ್ನುತ್ತಾರೆ. ನಾನು ಚಹ ಕುಡಿದು ಎದ್ದೆ. ಈ ಸೀಮೆಯ ಸೌಜನ್ಯವೇ ಒಂದು ದಿನ ನನ್ನ ತಲೆಯ ಮೇಲೆ ಬೀಳುತ್ತದೆ ಎಂಬ ಅಂದಾಜು ಆಗ ಇರಲಿಲ್ಲ.

ನಾನು ಬಂದದ್ದು ಹಾಲಪ್ಪನವರ ಕರೆಯ ಮೇಲೆ. ಅವರು ಅಡಿಕೆ ವ್ಯಾಪಾರಿಗಳು. ಅಡಿಕೆ ಮಂಡಿಯ ಪಕ್ಕದಲ್ಲೇ ಕಾಫಿಬೀಜ ಹುರಿದು ಪುಡಿ ಮಾಡುವ ಅಂಗಡಿ ತೆರೆದಿದ್ದರು. ಮೈಸೂರಿನಲ್ಲಿ ನಾನು ಹನ್ನೆರಡು ವರ್ಷ ಗುಮಾಸ್ತನಾಗಿದ್ದ ಪುಡಿ ಅಂಗಡಿ ಮುಚ್ಚಿತ್ತು. ಅಲ್ಲಿ ಸಂಜೆಯ ತರಗತಿಯೊಂದರಲ್ಲಿ ನಾನು ಕಂಪ್ಯೂಟರಿನ ಬೇಸಿಕ್ ಭಾಷೆಯನ್ನೂ ಕಲಿತಿದ್ದೆ; ಹಳೆಯದೊಂದು ಪುಟ್ಟ ಕಂಪ್ಯೂಟರನ್ನು ಹೆಂಡತಿಯ ಅಸಮ್ಮತಿಯ ನಡುವೆ ಕೊಂಡು, ಇಲ್ಲಿಗೂ ಹೊತ್ತು ತಂದಿದ್ದೆ. ಅದನ್ನು ಟೀವಿಗೆ ಜೋಡಿಸಬೇಕು, ಬರೆದ ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಇಡಬೇಕು. ಕ್ಯಾಸೆಟ್ಟು ಮೊದಲ ಸಲ ಕಿರುಚಿದಾಗ ಹಾಲಪ್ಪನವರು ಗಂಭೀರವಾಗಿ ಕೇಳಿ, "ಯಾರ್ರೀ ಹಾಡಿರೋದು? ಗಂಟಲು ಕಟ್ಟೈತೆ" ಎಂದರು.

ಮೈಸೂರಿನಲ್ಲಿ ಮನೆ ಬಾಡಿಗೆಗೆ ಕೇಳಿದರೆ ನಿಮ್ಮ ಪೂರ್ವಿಕರು ಯಾರು, ದಿನಕ್ಕೆ ಎಷ್ಟು ಬಿಂದಿಗೆ ನೀರು ಖರ್ಚು ಮಾಡುತ್ತೀರಿ ಎಂಬ ತನಿಖೆ ನಡೆಯುತ್ತದೆ. ಇಲ್ಲಿ ನಲ್ಲೂರು ರಸ್ತೆಯಲ್ಲಿ ಕೋಣೆ ಕೊಟ್ಟ ಗೌರಮ್ಮನವರು ಕೇಳಿದ್ದು ಒಂದೇ: "ರೊಟ್ಟಿ ತಿಂತೀರಾ?" ತಿನ್ನುತ್ತೇನೆ ಎಂದೆ. ಅನ್ನದವನು ಹೇಳಿದ ಸುಳ್ಳು. ಆರು ತಿಂಗಳಲ್ಲಿ ಅದು ನಿಜವಾಯಿತು. ಸಂಜೆ ಮಂಡಕ್ಕಿ, ಅಂದರೆ ನಮ್ಮ ಕಡಲೆಪುರಿಯ ಅಣ್ಣ, ಜೊತೆಗೆ ಮೆಣಸಿನಕಾಯಿ ಬೋಂಡ. ಕಣ್ಣಲ್ಲಿ ನೀರು ಬರುತ್ತಿತ್ತು. ಮೆಣಸಿನಕಾಯಿ ಇದ್ದದ್ದರಿಂದ ಯಾರೂ ಕಾರಣ ಕೇಳುತ್ತಿರಲಿಲ್ಲ. ಹೆಂಡತಿ ಮತ್ತು ಇಬ್ಬರು ಮಕ್ಕಳು ಮೈಸೂರಿನಲ್ಲೇ ಇದ್ದರು.

ಅವರನ್ನು ಕರೆತರುವ ದಾರಿಯೊಂದು ಕಂಡಿತು. ಹೊನ್ನಾಳಿಯಲ್ಲಿ ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ ಮಲ್ಲೇಶಪ್ಪ ಎಂಬವರ ದೊಡ್ಡ ಹೋಟೆಲು. ಅವರಿಗೆ ನಮ್ಮ ಪುಡಿಯ ಮೇಲೆ ಒಂದೇ ದೂರು: "ಒಂದು ವಾರ ಇದ್ದಂಗೆ ಇನ್ನೊಂದು ವಾರ ಇರಲ್ಲ. ಗಿರಾಕಿ ನನ್ನ ಮಕ ನೋಡ್ತಾರೆ. ಮೂರು ವಾರ ಒಂದೇ ರುಚಿ ಕೊಡ್ರಿ, ಕಾಯಂ ನಿಮ್ಮತ್ರಾನೇ ತಗಂತೀನಿ." ಹೊನ್ನಾಳಿ ಗಟ್ಟಿಯಾದರೆ ಪಕ್ಕದ ನ್ಯಾಮತಿಯಲ್ಲೂ ಅಂಗಡಿ ತೆರೆದು ಅದನ್ನು ನನಗೆ ವಹಿಸುವುದಾಗಿ ಹಾಲಪ್ಪನವರು ಹೇಳಿದರು. ಅಂಗಡಿಯ ಹಿಂದೆ ಎರಡು ಕೋಣೆ, ಹಿತ್ತಿಲಲ್ಲಿ ಬಾವಿ. ನಾನು ಹೋಗಿ ಬಾವಿಯನ್ನು ಇಣುಕಿಯೂ ಬಂದೆ. ಹೆಂಡತಿಗೆ ಬರೆದ ಕಾಗದದಲ್ಲಿ ನೀರು ಸಿಹಿ ಎಂದು ತಿಳಿಸಿದೆ.

ಇನ್ನು ಉಳಿದಿದ್ದು ರುಚಿಯನ್ನು ಒಂದೇ ಕಡೆ ನಿಲ್ಲಿಸುವ ಸಣ್ಣ ಕೆಲಸ.

ನಮ್ಮಲ್ಲಿ ಬೀಜ ಹುರಿಯುತ್ತಿದ್ದವನು ಓಬಣ್ಣ. ಜಗಳೂರಿನವನು, ಐವತ್ತು ದಾಟಿದವನು, ಅರ್ಧ ಆಯುಷ್ಯ ಮಂಡಕ್ಕಿ ಭಟ್ಟಿಯ ಮುಂದೆ ಕಳೆದವನು. ಬಣ್ಣ ನೋಡುತ್ತಿರಲಿಲ್ಲ, ಗಡಿಯಾರವನ್ನಂತೂ ನೋಡುತ್ತಲೇ ಇರಲಿಲ್ಲ. ತಿರುಗುವ ಡ್ರಮ್ಮಿಗೆ ಕಿವಿ ಕೊಟ್ಟು, ಬೀಜ ಚಟಪಟ ಸಿಡಿಯುವುದನ್ನು ಕೇಳಿ, "ಸಾಕು ಅಂತೈತೆ" ಎಂದು ಇಳಿಸುತ್ತಿದ್ದ. ಬೀಜದ ಈ ಅಭಿಪ್ರಾಯವನ್ನು ನಾನು ಅಂಕಿಗೆ ಇಳಿಸಲು ಹೊರಟೆ. ನೋಟುಬುಕ್ಕು ಹಿಡಿದು ಪಕ್ಕದಲ್ಲಿ ಕೂತೆ. ಬೀಜದ ಜಾತಿ, ತೂಕ, ಡ್ರಮ್ಮಿನ ಶಾಖ, ಇಳಿಸಿದ ನಿಮಿಷ. ತೂಕ ಯಾವಾಗಲೂ ಐದು ಕೆಜಿ. ತಕ್ಕಡಿಯ ಮುಳ್ಳನ್ನು ನಾನೇ ಕಣ್ಣಾರೆ ನೋಡಿ ಬರೆದುಕೊಳ್ಳುತ್ತಿದ್ದೆ. ನಾಲ್ಕು ತಿಂಗಳು ಬರೆದೆ. ಎರಡು ತಿಂಗಳು ಪ್ರೋಗ್ರಾಮು ಕಟ್ಟಿದೆ. ಅದರಲ್ಲಿ ಎಷ್ಟೋ ಪಾಲು ಕರೆಂಟು ಹೋಗಿ ಅಳಿಸಿದ್ದನ್ನು ಮತ್ತೆ ಬೆರಳಚ್ಚಿಸುವುದರಲ್ಲೇ ಕಳೆಯಿತು. ಕೊನೆಗೆ ಜಾತಿ, ತೂಕ, ಶಾಖ ಕೊಟ್ಟರೆ ಟೀವಿಯ ಪರದೆ ನಿಮಿಷ ಹೇಳತೊಡಗಿತು. ಅದು ಹೇಳಿದ ನಿಮಿಷಕ್ಕೂ ಓಬಣ್ಣ ಇಳಿಸಿದ ನಿಮಿಷಕ್ಕೂ ಕೂದಲೆಳೆಯ ಅಂತರ. ಆ ದಿನ ನಾನು ಎರಡು ಮೆಣಸಿನಕಾಯಿ ಹೆಚ್ಚು ತಿಂದೆ.

ಓಬಣ್ಣ ಡ್ರಮ್ಮಿಗೆ ಬೀಜ ಸುರಿದು, ಪರದೆ ಹೇಳಿದ ನಿಮಿಷಕ್ಕೆ ಇಳಿಸಿದ; ಹೊನ್ನಾಳಿಗೆ ಮೊದಲ ವಾರದ ಪುಡಿ ಹೋಯಿತು. ಮಲ್ಲೇಶಪ್ಪನವರು ತಲೆದೂಗಿದರು. ಎರಡನೆಯ ವಾರವೂ ತಲೆದೂಗಿದರು. ಮೂರನೆಯ ವಾರ ಓಬಣ್ಣ ತಂಗಿಯ ಮಗಳ ಮದುವೆಗೆಂದು ಜಗಳೂರಿಗೆ ಹೋದ.

ನಾನು ಹೆದರಲಿಲ್ಲ. ಇಂಥ ದಿನಕ್ಕಾಗಿಯೇ ಅಲ್ಲವೇ ವಿಜ್ಞಾನ ಇರುವುದು? ಐದು ಕೆಜಿ ತೂಗಿ, ಶಾಖ ನೋಡಿ, ಪರದೆ ಹೇಳಿದ ನಿಮಿಷಕ್ಕೆ ಸರಿಯಾಗಿ ಇಳಿಸಿದೆ. ಬೀಜ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ತಪ್ಪು ಬೆಂಕಿಯದೆಂದು ತೀರ್ಮಾನಿಸಿ, ಉರಿ ತಗ್ಗಿಸಿ, ಇನ್ನೊಂದು ಐದು ಕೆಜಿ ಹುರಿದೆ. ಅದು ಹಸಿ ಹುಲ್ಲಿನ ವಾಸನೆ ಹೊಡೆಯಿತು. ಚೀಲದಲ್ಲಿ ಬೇರೆ ಬೀಜವಿರಲಿಲ್ಲ, ಹೊನ್ನಾಳಿ ಬಸ್ಸಿಗೆ ಒಂದು ಗಂಟೆ ಇತ್ತು. ಹನ್ನೆರಡು ವರ್ಷ ಈ ಕಸುಬಿನಲ್ಲಿದ್ದವನು ಮಾಡಬಾರದ್ದನ್ನು ಆಗ ಮಾಡಿದೆ. ಒಂದು ಹೆಚ್ಚು, ಇನ್ನೊಂದು ಕಡಿಮೆ, ಸರಾಸರಿ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿ, ಎರಡನ್ನೂ ಬೆರೆಸಿ ಪುಡಿ ಮಾಡಿ ಕಳಿಸಿದೆ.

ಮಾರನೆಯ ದಿನ ಹೊನ್ನಾಳಿಗೆ ಹೋದಾಗ ಮಲ್ಲೇಶಪ್ಪನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಂದೆ ಆ ಪುಡಿಯದೇ ಕಾಫಿ ಇಟ್ಟು, ಒಂದು ಗುಟುಕು ಕುಡಿಯುವವರೆಗೂ ಕಾದರು.

"ಮೈಸೂರು ಸ್ವಾಮ್ಯಾರೇ, ಮೊದ್ಲು ಒಂದೊಂದು ವಾರ ಒಂದೊಂದು ರುಚಿ ಬರ್ತಿತ್ತು. ಈಗ ಎರಡೂ ಒಂದೇ ಲೋಟದಾಗೆ ಐತೆ. ಸುಧಾರಣೆ ಅಂದ್ರೆ ಇದೇ ಏನ್ರೀ?"

ಲೋಟ ಖಾಲಿ ಮಾಡಿ ಬಂದೆ.

ಓಬಣ್ಣ ನಾಲ್ಕು ದಿನದ ಮೇಲೆ ಮದುವೆಯ ಬೂಂದಿ ಉಂಡೆಯೊಂದಿಗೆ ಬಂದ. ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದ.

"ಕೊಸರು ಹಾಕಿದ್ರಾ?"

ಕೊಸರು ಎಂದರೆ ಅಳತೆ ಮುಗಿದ ಮೇಲೆ ಪ್ರೀತಿಗೆಂದು ಮೇಲೆ ಹಾಕುವ ಹಿಡಿ. ನಮ್ಮ ಮೈಸೂರಿನ ಮಾರುಕಟ್ಟೆಯಲ್ಲಿ ಅದನ್ನು ಜಗಳವಾಡಿ ಪಡೆಯಬೇಕು. ಇಲ್ಲಿ ಬೇಡವೆಂದರೆ ಜಗಳ. ಅದಕ್ಕೂ ಡ್ರಮ್ಮಿಗೂ ಏನು ಸಂಬಂಧ ಎಂದೆ.

"ಹುರಿದ್ರೆ ಬೀಜ ಸೊರಗ್ತೈತಲ್ರೀ. ಬೆಂಕಿ ತನ್ನ ಪಾಲು ತಗಂತೈತೆ. ಸಾವ್ಕಾರ್ರಿಗೆ ಐದು ಅಂತ ಹೇಳಿ ನಾಲ್ಕು ಚಿಲ್ಲರೆ ಕೊಡಾಕಾಗ್ತೈತಾ? ತೂಗಿ ಆದಮ್ಯಾಲೆ ಮೂರು ಬೊಗಸೆ ಹಾಕ್ತೀನಿ. ಸೋಮವಾರ ದೇವ್ರ ವಾರ, ನಾಲ್ಕು."

ಅಂದರೆ ನಾಲ್ಕು ತಿಂಗಳು ನಾನು ತಕ್ಕಡಿ ನೋಡಿ, ತಲೆ ತಗ್ಗಿಸಿ "ಐದು" ಎಂದು ಬರೆಯುತ್ತಿದ್ದ ಆ ಅರೆ ಗಳಿಗೆಯಲ್ಲಿ, ನನ್ನ ಪಕ್ಕದಲ್ಲೇ ಡ್ರಮ್ಮಿಗೆ ಆರು ಕೆಜಿಯ ಹತ್ತಿರ ಬೀಜ ಬೀಳುತ್ತಿತ್ತು. ಹುರಿದದ್ದನ್ನು ತೂಗುವವರು ಹಾಲಪ್ಪನವರು. ಆ ಚೀಟಿ ನಾನು ನೋಡಿದವನೇ ಅಲ್ಲ. ನನ್ನ ಪ್ರೋಗ್ರಾಮು ಆರು ಕೆಜಿಯ ನಿಮಿಷವನ್ನು ಐದಕ್ಕೆ ಕಲಿತಿತ್ತು.

"ಒಂದು ಮಾತು ಹೇಳಬಾರದಿತ್ತೇ, ಓಬಣ್ಣ?"

"ಕೊಸರು ಬರೆಯಾಕಿಲ್ರೀ. ಬರೆದ್ರೆ ಅದು ಕೊಸರು ಹೆಂಗಾಗ್ತೈತೆ?"

ನಾನು ಸೋಲೊಪ್ಪಲಿಲ್ಲ. ಆತನ ಬೊಗಸೆಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿಸಿ, ತೂಕ ಬರೆದುಕೊಂಡು, ಪ್ರೋಗ್ರಾಮಿನಲ್ಲಿ ಕೊಸರಿಗೆಂದೇ ಒಂದು ಸಾಲು ಸೇರಿಸಿದೆ. ಓಬಣ್ಣ ತಾಳ್ಮೆಯಿಂದ ತೂಗಲು ಕೊಟ್ಟ. ತೂಗಿದ್ದೆಲ್ಲ ಡ್ರಮ್ಮಿಗೆ ಸುರಿದ. ಆಮೇಲೆ ಚೀಲದಿಂದ ಇನ್ನೊಂದು ಹಿಡಿ ತೆಗೆದು ಹಾಕಿದ.

"ಇದೇನು?"

"ಅದು ನಿಮ್ಮ ತೂಕಕ್ಕೆ ಹೋತು. ಇದು ಕೊಸರು."

ಹಾಲಪ್ಪನವರು ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ, ಪುಡಿ ಮಾಡುವ ಕಡೆಗೆ ಹಾಕಿದರು. ದೀಪಾವಳಿಗೆ ಮೈಸೂರಿಗೆ ಹೋದೆ. ಊಟಕ್ಕೆ ಬಡಿಸುವಾಗ ಹೆಂಡತಿಗೆ "ರೊಟ್ಟಿ ಇಲ್ಲೇನು?" ಎಂದೆ. ಮಕ್ಕಳು ನನ್ನ ಮಾತಿನ ರಾಗ ಹಿಡಿದು ಇಡೀ ದಿನ ಆಡಿಕೊಂಡರು. ಚಿಕ್ಕವಳು ಪಕ್ಕದ ಮನೆಯವರಿಗೆ, "ಅಪ್ಪ ಚನ್ನಗಿರಿಯವರು" ಎಂದು ಪರಿಚಯಿಸಿದಳು. ಮರಳಿ ಚನ್ನಗಿರಿಯಲ್ಲಿ ಬಸ್ಸಿಳಿದಾಗ ಹೋಟೆಲಿನವರು, "ಮೈಸೂರಿನೋರು ಬಂದ್ರು" ಎಂದು ಬೆಂಚು ಒರೆಸಿದರು. ಎರಡೂ ಕಡೆ ನನ್ನನ್ನು ಆದರದಿಂದಲೇ ಇನ್ನೊಂದು ಕಡೆಗೆ ತಳ್ಳುತ್ತಾರೆ. ಯಾರ ಮೇಲೂ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಅದೇ ಹೆಚ್ಚಿನ ಸಂಕಟ.

ಹೊನ್ನಾಳಿಯ ಹೋಟೆಲಿಗೆ ಈಗ ಶಿವಮೊಗ್ಗದ ಪುಡಿ ಬರುತ್ತದೆ. ನ್ಯಾಮತಿಯ ಆ ಅಂಗಡಿಯಲ್ಲಿ ಗೊಬ್ಬರ ಮಾರುತ್ತಾರೆ. ಹೆಂಡತಿ ಮಕ್ಕಳು ಮೈಸೂರಿನಲ್ಲಿದ್ದಾರೆ, ನಾನು ಚನ್ನಗಿರಿಯಲ್ಲಿದ್ದೇನೆ.