ಎರಡನೆಯ ಪ್ಲಗ್

ಎರಡು ವರ್ಷದ ಹಿಂದಿನ ಫೆಬ್ರವರಿ, ಒಂದು ಭಾನುವಾರ. ದೆಹಲಿಯ ಜನಕಪುರಿಯ ನಮ್ಮ ಮನೆಯಲ್ಲಿ ದೋಸೆಗೆ ಚಟ್ನಿ ರುಬ್ಬಲು ಹೋದೆ. ಊಟದ ಮೇಜಿನ ಹತ್ತಿರದ ಎರಡೂ ಪ್ಲಗ್‌ಗಳನ್ನು ನನ್ನ ಯಜಮಾನರು ಶ್ರೀಧರ ಹಿಡಿದುಬಿಟ್ಟಿದ್ದರು. "ಒಂದಾದರೂ ಬಿಡಿ. ಇಲ್ಲದಿದ್ದರೆ ಚಟ್ನಿಯನ್ನೂ ಲ್ಯಾಪ್‌ಟಾಪಿನಲ್ಲೇ ರುಬ್ಬಿ" ಎಂದೆ.

"ಎರಡೂ ಬೇಕು ಕಣೇ, ಇನ್ನು ಐದೇ ನಿಮಿಷ" ಎಂದರು.

ಕೊನೆಗೆ ಚಟ್ನಿಪುಡಿಯಲ್ಲೇ ದೋಸೆ ತಿಂದೆವು. ಮರುದಿನ ಬೆಳಿಗ್ಗೆ ಮಾನೇಸರ್‌ಗೆ ಹೋಗುವ ಕಂಪನಿ ಬಸ್ಸಿನಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರು ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದರು. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ರಜೆಯ ದಿನ ಅವರು ಮಾಡುತ್ತಿದ್ದ ಕೆಲಸ ನನಗೆ ಅರ್ಥವಾಗಿದ್ದು ಇಷ್ಟೇ. ಸಣ್ಣ ಚಿಪ್‌ಗಳಿಗೆ ಪ್ರೋಗ್ರಾಂ ತುಂಬುವ ಒಂದು ತಂತ್ರಾಂಶವಿದೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು. ಯುಎಸ್‌ಬಿ ಡಿಬಗ್ಗರ್ ಎಂಬ ಅಂಗೈಯಗಲದ ಡಬ್ಬಿ ಕಂಪ್ಯೂಟರಿಗೂ ಚಿಪ್ ಇರುವ ಬೋರ್ಡಿಗೂ ನಡುವೆ ಕೂತು ಮಾತು ದಾಟಿಸುತ್ತದೆ. ಅವರ ಬಳಿ ಇದ್ದದ್ದು ಹಳೆಯ ಮಾದರಿ, ಈಗ ತಯಾರಾಗುವುದಿಲ್ಲ. ಆ ತಂತ್ರಾಂಶಕ್ಕೆ ಅದರ ಗುರುತೇ ಇರಲಿಲ್ಲ. ಗುರುತು ಹಿಡಿಯುವಂತೆ ಅವರು ಬರೆಯುತ್ತಿದ್ದರು.

ತಿಂಗಳಾದ ಮೇಲೆ ಮಗಳು ಮೇಘಾ ಅಪ್ಪನ ಲ್ಯಾಪ್‌ಟಾಪ್ ತೆರೆದಳು. ತಂತ್ರಾಂಶ ನೋಡಿಕೊಳ್ಳುವ ಪುಣೆಯ ಸಮೀರ್ ಎನ್ನುವವರು ಬರೆದಿದ್ದರು. ಈ ಡಬ್ಬಿ ನಮ್ಮಲ್ಲಿ ಬೇರೆ ಯಾರ ಬಳಿಯೂ ಇಲ್ಲ, ಪರೀಕ್ಷೆಯ ಫಲಿತಾಂಶ ಕಳಿಸದಿದ್ದರೆ ನಿಮ್ಮ ಭಾಗವನ್ನು ಕೈಬಿಡಬೇಕಾಗುತ್ತದೆ ಎಂದು. ಅವಳು ಸಾವಿನ ಸುದ್ದಿ ತಿಳಿಸಿದಳು. ಮರುದಿನವೇ ಅವರು ಫೋನ್ ಮಾಡಿದರು. ಡಬ್ಬಿಯನ್ನು ಕೊರಿಯರ್ ಮಾಡಬಹುದೇ ಎಂದು ಹಿಂದಿಯಲ್ಲಿ ಕೇಳಿದರು.

ಅದನ್ನು ಮನೆಯಿಂದಾಚೆ ಕಳಿಸಲು ಮನಸ್ಸಿಲ್ಲ ಎಂದೆ.

"ಅಚ್ಛಾ ಭಾಭೀಜಿ, ಕಳಿಸಬೇಡಿ" ಎಂದರು. "ನೀವೇ ಪರೀಕ್ಷೆ ಮಾಡಿ. ನಾನು ಫೋನಿನಲ್ಲಿರುತ್ತೇನೆ."

ಎರಡು ಭಾನುವಾರ ಕೂತೆವು. ಅವರು ಹೇಳಿದ್ದನ್ನು ಮೇಘಾ ಟೈಪ್ ಮಾಡುವಳು, ನಾನು ತಂತಿ ಹಿಡಿಯುವೆ. ಪ್ರತಿ ಸಲವೂ ಚಿಪ್ ಉತ್ತರ ಕೊಡುತ್ತಿಲ್ಲ ಎಂದೇ ಬರುತ್ತಿತ್ತು. ಬೋರ್ಡಿಗೆ ಕರೆಂಟ್ ಬರುತ್ತಿದೆಯೇ ಎಂದು ಸಮೀರ್ ಕೇಳಿದರು. ಡಬ್ಬಿಯ ಹಸಿರು ದೀಪ ಉರಿಯುತ್ತಿತ್ತು, ಬರುತ್ತಿದೆ ಎಂದೆವು. ಹಾಗಾದರೆ ಕೋಡ್ ಅರ್ಧಕ್ಕೇ ನಿಂತಿರಬಹುದು, ಇನ್ನೊಂದು ವಾರ ನೋಡೋಣ ಎಂದು ಅವರು ಮೆಲ್ಲಗೆ ಹೇಳಿದರು. ಅಪ್ಪನದು ತಪ್ಪಾಗಿದೆ ಎಂದು ಮೇಘಾ ಅತ್ತಳು. ನಾನು ಅವಳ ತಲೆ ಸವರಿದೆ.

ಮೂರನೆಯ ಭಾನುವಾರ ಬೆಳಿಗ್ಗೆ ಮೇಘಾ ಲ್ಯಾಪ್‌ಟಾಪನ್ನು ಮೇಜಿನ ಹತ್ತಿರದ ಒಂದು ಪ್ಲಗ್‌ಗೆ ಹಾಕಿದಳು. ಪಕ್ಕದ ಪ್ಲಗ್‌ಗೆ ನಾನು ಮಿಕ್ಸಿ ಹಾಕಿದೆ. ಚಟ್ನಿ ಅರ್ಧ ರುಬ್ಬಿದ ಮೇಲೆ ಹೊಳೆಯಿತು. ನನಗೆ ಪ್ಲಗ್ ಸಿಕ್ಕಿತ್ತು. ಅವರಿದ್ದಾಗ ಸಿಗುತ್ತಿರಲಿಲ್ಲ. ಲ್ಯಾಪ್‌ಟಾಪಿಗೆ ಒಂದೇ ಸಾಕು, ಹಾಗಾದರೆ ಎರಡನೆಯದರಲ್ಲಿ ಅವರು ಏನು ಹಾಕುತ್ತಿದ್ದರು?

ತಿಥಿ ಕಳೆದು ಮೇಜು ಒರೆಸುವಾಗ ಒಂದು ಪುಟ್ಟ ಅಡಾಪ್ಟರನ್ನು ನಾನೇ ಹಳೆಯ ಮೊಬೈಲ್ ಚಾರ್ಜರುಗಳ ಡ್ರಾಯರಿಗೆ ಎಸೆದಿದ್ದೆ. ಹುಡುಕಿ ತಂದೆ. ಅದರ ತುದಿ ಬೋರ್ಡಿಗೆ ಸರಿಯಾಗಿ ಕೂತಿತು. ಡಬ್ಬಿ ಬೋರ್ಡಿಗೆ ಕರೆಂಟ್ ಕೊಡುತ್ತಲೇ ಇರಲಿಲ್ಲ. ಹಸಿರು ದೀಪ ಡಬ್ಬಿಯದು ಮಾತ್ರ.

"ಮಮ್ಮಿ, ಪಢ್ ಲಿಯಾ, ಓದಿತು" ಎಂದಳು ಮೇಘಾ. ಚಿಪ್ಪಿನ ಗುರುತಿನ ಸಂಖ್ಯೆ ಪರದೆಯ ಮೇಲಿತ್ತು. ಸಮೀರ್ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿದರು. ಚಿಪ್ಪಿಗೆ ತುಂಬಿದ್ದೂ ಅದರಿಂದ ಮತ್ತೆ ಓದಿದ್ದೂ ಒಂದೇ ಇತ್ತು. ಶ್ರೀಧರ ಬರೆದದ್ದರಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ.

ಬರೆದವರ ಹೆಸರಿನ ಕೆಳಗೆ ಪರೀಕ್ಷೆ ಮಾಡಿದವರ ಹೆಸರು ಹಾಕುವುದು ಅವರಲ್ಲಿ ಪದ್ಧತಿಯಂತೆ. ಸಮೀರ್ ನನ್ನ ಹೆಸರು ಕೇಳಿದರು. ನಾನು ಪ್ಲಗ್ ಹಾಕಿದೆ ಅಷ್ಟೇ ಎಂದೆ.

"ಭಾಭೀಜಿ, ಅದು ನಮಗೆ ಯಾರಿಗೂ ತಿಳಿಯಲಿಲ್ಲವಲ್ಲ" ಎಂದರು.

ನಮ್ಮ ಮದುವೆಯ ಕಾಗದದಲ್ಲಿ ಒಟ್ಟಿಗಿದ್ದ ಎರಡು ಹೆಸರುಗಳು ಹೀಗೆ ಇನ್ನೊಂದು ಕಡೆಯೂ ಮೇಲೆ ಕೆಳಗೆ ಸೇರಿದವು. ಮುಖವನ್ನೂ ಕಾಣದ ಆ ಮನುಷ್ಯ ಮೂರು ಭಾನುವಾರ ನಮಗಾಗಿ ಕಾದದ್ದನ್ನು ನಾನು ಮರೆಯಲಾರೆ.

ಕಳೆದ ತಿಂಗಳು ಯಾವುದೋ ದೇಶದ ಒಬ್ಬರು ಆ ತಂತ್ರಾಂಶದ ಪುಟದಲ್ಲಿ ಬರೆದಿದ್ದಾರೆ. ಅವರ ಹಳೆಯ ಡಬ್ಬಿಯೂ ಈಗ ಕೆಲಸ ಮಾಡುತ್ತಿದೆಯಂತೆ. ಜೊತೆಗೆ ಶ್ರೀಧರರಿಗೆ ಒಂದು ಪ್ರಶ್ನೆ ಕೇಳಿದ್ದಾರೆ: ಚಿಪ್ಪನ್ನು ಓದುವ ಮೊದಲು ಒಂದು ಕ್ಷಣ ತಡೆಯುವಂತೆ ಯಾಕೆ ಬರೆದಿರಿ, ತೆಗೆದರೆ ಕೆಲಸ ಕೆಡುತ್ತದೆ, ಕಾರಣ ಗೊತ್ತಾಗುತ್ತಿಲ್ಲ ಎಂದು. ಸಮೀರ್‌ಗೂ ಗೊತ್ತಿಲ್ಲ. ಶ್ರೀಧರ ಎಲ್ಲಿಯೂ ಬರೆದಿಟ್ಟಿಲ್ಲ. ಆ ಪ್ರಶ್ನೆಯ ಕೆಳಗೆ ಉತ್ತರವಿಲ್ಲ.