ಟೈರಿಗೂ ಜ್ವರ ನೋಡುತ್ತಿದ್ದ ಸಿಸ್ಟರ್

ಅವರ ಬಲಗೈಯ ನಡುಬೆರಳಿನ ಗೆಣ್ಣು ಗೋಲಿಯಷ್ಟು ಊದಿಕೊಂಡಿತ್ತು. ಆ ಕೈಯ ಹಿಂಬದಿಯಿಂದಲೇ ಅವರು ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದರು: ಮಕ್ಕಳ ಹಣೆ, ಹಾಲಿನ ಪಾತ್ರೆ, ಇಸ್ತ್ರಿ ಪೆಟ್ಟಿಗೆ, ಕೊನೆಗೆ ಟೈರು ಕೂಡ. ರೈಲ್ವೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಬಂಗಾಳದ ಗರಿಯಾಹಾಟ್ ಪೇಟೆಯ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಕಟ್ಟಡದ ಎಲ್ಲರಿಗೂ ಅವರು ಸಿಸ್ಟರ್. ಉಡುಪಿ ಕಡೆಯವರು. ಗಂಡನೊಂದಿಗೆ ಕೊಂಕಣಿ, ನಮ್ಮೊಂದಿಗೆ ಕನ್ನಡ, ಮೀನಿನವನೊಂದಿಗೆ ಬಂಗಾಳಿಯಲ್ಲಿ ಜಗಳ.

ಭಾನುವಾರ ಅವರು ಚರ್ಚಿಗೆ ಹೊರಡುವ ಮುಂಚೆ ಬಾಗಿಲಲ್ಲಿ ಸಕ್ಕರೆ ಕಾಯಿಲೆಯವರ ಸಾಲು ನಿಲ್ಲುತ್ತಿತ್ತು. ಬೆರಳು ಚುಚ್ಚುವ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಖಾಲಿ ಹೊಟ್ಟೆಯಾ ಅಂತ. ಕೆಳಗಿನ ಮನೆಯ ಬಂಗಾಳಿ ಬಾಬು ಒಮ್ಮೆ ಸಂದೇಶ್ ಮಿಠಾಯಿ ತಿಂದು, ಮೀಸೆ ಒರೆಸಿಕೊಂಡು, ಏನೂ ಅರಿಯದವರ ಹಾಗೆ ಬಂದು ಕುಳಿತರು. ಸಿಸ್ಟರ್ ಮುಖ ನೋಡಿಯೇ ವಾಪಸು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತಿಂದ ಮೇಲೆ ಸಕ್ಕರೆ ಏರ್ತದೆ, ಏರಲೇಬೇಕು. ಅದನ್ನು ನೋಡಿ ಮದ್ದು ಬದಲಾಯಿಸಿದ್ರೆ ಮನುಷ್ಯ ಬಿದ್ದುಹೋಗ್ತಾನೆ," ಎಂದರು.

ನನ್ನ ಅವ್ವ ಧಾರವಾಡದಿಂದ ನನ್ನ ಜೊತೆ ಇರಲು ಬಂದವಳು ಕಟ್ಟಡದಿಂದ ಹೊರಗೇ ಕಾಲಿಡುತ್ತಿರಲಿಲ್ಲ. ಕೇಳಿದರೆ ಮೊಣಕಾಲು, ಬಿಸಿಲು, ಟ್ರಾಫಿಕ್ಕು. ನಾನು ನಂಬಿದ್ದೆ, ಸಿಸ್ಟರ್ ನಂಬಲಿಲ್ಲ. ಒಂದು ಸಂಜೆ ಚಹಾ ಕುಡಿಯುತ್ತ ನೇರವಾಗಿ ಕೇಳಿಯೇಬಿಟ್ಟರು: "ಅಮ್ಮಾ, ಮೂತ್ರ ತಡೀಲಿಕ್ಕೆ ಆಗುದಿಲ್ಲ ಅಲ್ವಾ?" ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ಮೆಲ್ಲಗೆ ತಲೆಯಾಡಿಸಿದಳು. ದಾರಿಯಲ್ಲಿ ಅವಸರವಾದರೆ ಎಲ್ಲಿ ಹೋಗುವುದು ಎಂಬ ಒಂದೇ ಹೆದರಿಕೆ ಅವಳನ್ನು ನಾಲ್ಕು ಗೋಡೆಗಳ ನಡುವೆ ಕೂರಿಸಿತ್ತು. ಹುಟ್ಟಿದಾಗಿನಿಂದ ಸಮುದ್ರವನ್ನು ನೋಡಿಲ್ಲ, ಒಮ್ಮೆ ನೋಡುವ ಆಸೆ ಇದೆ ಎಂದೂ ಅಂದೇ ಬಾಯಿಬಿಟ್ಟಳು.

"ಅಷ್ಟೇ ಅಲ್ವಾ? ಕಕ್ಕಸನ್ನೇ ಕಟ್ಟಿಕೊಂಡು ಹೋಗುವ," ಎಂದರು ಸಿಸ್ಟರ್.

ತಮಾಷೆ ಎಂದುಕೊಂಡೆ. ಆದರೆ ಅವರ ಗಂಡ, ನಾವು ಅಂಕಲ್ ಎನ್ನುತ್ತಿದ್ದವರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾಗಿ ಸುಮ್ಮನೆ ಕೂರಲಾಗದೆ ಊರಂಚಿನ ಜೋಕಾದ ಒಂದು ಶೆಡ್ಡಿನಲ್ಲಿ ಹಳೆಯ ಟ್ರೇಲರ್ ದುರಸ್ತಿ ಮಾಡುತ್ತಿದ್ದರು. ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಎರಡು ಚಕ್ರಗಳ ಪುಟ್ಟ ಮನೆ ಅದು. ಒಳಗೆ ಮಂಚ, ಒಲೆ ಇದ್ದವು. ಸಿಸ್ಟರ್ ಹಟ ಹಿಡಿದು ಒಂದು ಮೂಲೆಯಲ್ಲಿ ಶೌಚಾಲಯ ಮಾಡಿಸಿದರು. ಟೈರಿನ ವಿಷಯಕ್ಕೆ ಗಂಡ ಹೆಂಡತಿಗೆ ಜಟಾಪಟಿಯೇ ಆಯಿತು. ಹಳೆಯ ಟೈರು ಸವೆದೇ ಇಲ್ಲ, ಹೊಸದರ ಹಾಗಿದೆ ಎಂಬುದು ಅಂಕಲ್ ವಾದ. ಆದರೆ ವರ್ಷಗಟ್ಟಲೆ ನಿಂತಲ್ಲೇ ನಿಂತು ಅದರ ಬದಿಯೆಲ್ಲ ಬಿರುಕು ಬಿಟ್ಟಿತ್ತು. "ಹಲ್ಲು ಚಂದ ಉಂಟು ಅಂತ ಹೃದಯ ಗಟ್ಟಿ ಉಂಟಾ ಮಾರಾಯ್ರೆ?" ಎಂದರು ಸಿಸ್ಟರ್. ಹೊಸ ಟೈರು ಬಂದವು.

ಕಡಲತಡಿಯ ದಿಘಾಕ್ಕೆ ಹೊರಡುವ ದಿನ ಚಕ್ರ ಅಲುಗುವ ಮುಂಚೆಯೇ ಸಿಸ್ಟರ್ ಗಾಳಿ ಅಳೆಯುವ ಗೇಜು ಹಿಡಿದು ಟೈರಿನ ಮುಂದೆ ಕೂತರು. "ಇದಕ್ಕೂ ಖಾಲಿ ಹೊಟ್ಟೆಯಲ್ಲೇ ನೋಡಬೇಕು. ಓಡಿದ ಮೇಲೆ ಬಿಸಿಗೆ ಏರ್ತದೆ," ಎಂದು ಅವ್ವನಿಗೂ ತೋರಿಸಿದರು. ಅವ್ವ ತಂದಿದ್ದ ಕಲ್ಲಿನ ಒರಳನ್ನು, ತೂಕ ಹೆಚ್ಚಾಯಿತೆಂದು, ಶೆಡ್ಡಿನಲ್ಲೇ ಇಳಿಸಿದರು. ಓಡುವಾಗ ಟ್ರೇಲರಿನೊಳಗೆ ಯಾರೂ ಕೂರುವಂತಿಲ್ಲವಾದ್ದರಿಂದ ನಾಲ್ವರೂ ಜೀಪಿನಲ್ಲಿದ್ದೆವು, ಓಡಿಸುತ್ತಿದ್ದವರು ಅಂಕಲ್. ನಿಂತಲ್ಲೆಲ್ಲ ಸಿಸ್ಟರ್ ಇಳಿದು ಹೋಗಿ ಟ್ರೇಲರಿನ ಟೈರಿಗೆ ಕೈಯ ಹಿಂಬದಿ ತಾಗಿಸಿ ಬರುತ್ತಿದ್ದರು. ಎಳೆಯುವವರಿಗೆ ಹಿಂದಿನವರ ಕಾಲುನೋವು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ಕೋಲಾಘಾಟ್ ದಾಟಿ ಊಟಕ್ಕೆ ನಿಂತಾಗ ಸಿಸ್ಟರ್ ಅವ್ವನನ್ನು ಟ್ರೇಲರಿನೊಳಗೆ ಕರೆದೊಯ್ದರು. ಅದೇ ಹೊತ್ತಿಗೆ ಅಂಕಲ್ ಪಕ್ಕದ ಪಂಕ್ಚರ್ ಅಂಗಡಿಯವನಿಂದ ಗಾಳಿ ನೋಡಿಸಿದರು. ಬೆಳಗಿಗಿಂತ ಹೆಚ್ಚು ತೋರಿಸಿತು. ಈ ಬಿಸಿಲಿಗೆ ಒಡೆದೀತು ಎಂದು ಅವನು ಹೆದರಿಸಿದ. ಅಂಕಲ್ ಟ್ರೇಲರಿನ ಎರಡೂ ಟೈರಿನ ಗಾಳಿ ಇಳಿಸಿಬಿಟ್ಟರು. ಹೆಂಡತಿಗೊಂದು ಕೆಲಸ ತಪ್ಪಿಸಿದೆ ಎಂಬ ಖುಷಿಯಲ್ಲಿ ಅವರಿಗೆ ಹೇಳಲೂ ಇಲ್ಲ.

ಹೆದ್ದಾರಿಯಲ್ಲಿ ಹಿಂದಿನಿಂದ ಢಬ್ ಎಂದು ಸದ್ದಾಯಿತು. ಟ್ರೇಲರ್ ಓಲಾಡುತ್ತ ಜೀಪನ್ನು ಪಕ್ಕಕ್ಕೆಳೆಯಿತು.

"ಬ್ರೇಕ್ ಒತ್ತಬೇಡಿ," ಎಂದರು ಸಿಸ್ಟರ್, ದನಿ ಏರಿಸದೆ. "ಸ್ಟೇರಿಂಗ್ ನೇರ ಹಿಡೀರಿ. ಅದಾಗಿಯೇ ನಿಧಾನ ಆಗ್ಲಿ."

ಗದ್ದೆಯ ಬದಿಯಲ್ಲಿ ನಿಂತೆವು. ಒಂದು ಟೈರು ಚಿಂದಿಯಾಗಿತ್ತು, ರಬ್ಬರ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅವ್ವ ನನ್ನ ಕೈ ಬಿಡಲಿಲ್ಲ. "ಸಾಕವಾ, ಮನಿಗೆ ಹೋಗೂಣು. ನನ್ನ ಸಲುವಾಗಿ ಎಲ್ಲಾರಿಗೂ ತ್ರಾಸು," ಎಂದಳು. ನನಗೆ ಅಳು ಬಂತು. ಇವತ್ತು ಹಿಂದೆ ಹೋದರೆ ಇವಳು ಇನ್ನೆಂದೂ ಹೊಸ್ತಿಲು ದಾಟುವುದಿಲ್ಲ ಎಂಬುದು ಖಾತ್ರಿಯಿತ್ತು.

ಅಂಕಲ್ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದರು. ಸಿಸ್ಟರ್ ಬೈಯಲಿಲ್ಲ. "ಬಿಸಿ ಇರುವಾಗ ತೆಗೆದ್ರಾ? ಗಾಳಿ ಕಡಿಮೆ ಆದ್ರೆ ಟೈರು ಬಳುಕಿ ಬಳುಕಿ ಇನ್ನೂ ಕಾಯ್ತದೆ. ಆಯ್ತು, ಸ್ಟೆಪ್ನಿ ಹಾಕುವ," ಎಂದರು. ನಾನೂ ಅಂಕಲ್ಲೂ ಚಕ್ರ ಬದಲಿಸಿದೆವು. ಆಚೆಯ ಟೈರಿಗೆ ಸಿಸ್ಟರ್ ಕೈ ತಾಗಿಸಿ, ಚಟ್ಟನೆ ಹಿಂದಕ್ಕೆಳೆದುಕೊಂಡರು. "ಇದಕ್ಕೂ ಜ್ವರ ಉಂಟು. ಇಳಿಯಲಿ."

ಮರದ ನೆರಳಲ್ಲಿ ಅವ್ವನಿಗೆ ಕುರ್ಚಿ ಹಾಕಿದರು, ಥರ್ಮಾಸಿನಿಂದ ಚಹಾ ಕೊಟ್ಟರು. ಊರಿನ ಸುದ್ದಿ, ಸೊಸೆಯಂದಿರ ಸುದ್ದಿ, ಜೋಳದ ರೊಟ್ಟಿ ಏಕೆ ಹರಿಯುತ್ತದೆ ಎಂಬ ಸುದ್ದಿ, ಎಲ್ಲ ಆಯಿತು. ಟೈರು ಪೂರ್ತಿ ತಣಿದ ಮೇಲೆ ಬದಿಗಳನ್ನು ಸವರಿ ಉಬ್ಬು, ಬಿರುಕು ಇಲ್ಲವೆಂದು ನೋಡಿದರು. ಆಮೇಲೆ ಗೇಜನ್ನು ಅವ್ವನ ಕೈಗಿಟ್ಟರು. "ನನ್ನ ಕನ್ನಡಕ ಎಲ್ಲಿ ಹೋಯ್ತೋ. ನೀವೇ ಓದಿ ಅಮ್ಮಾ."

ಕನ್ನಡಕ ಅವರ ಕುತ್ತಿಗೆಯಲ್ಲೇ ದಾರಕ್ಕೆ ನೇತಾಡುತ್ತಿತ್ತು. ಅವ್ವ ಅದನ್ನು ನೋಡಿದಳು. ಎದ್ದು ಬಂದು ಟೈರಿನ ಪಕ್ಕ ಬಗ್ಗಿದಳು. ಅಂಕಲ್ ಕಾಲಿನಿಂದ ಪಂಪು ಒತ್ತತೊಡಗಿದರು.

"ಇನ್ನೂ ಹೊಡೀರಿ," ಎಂದಳು ಅವ್ವ. "ಇನ್ನಷ್ಟು. ಹಾಂ, ಸಾಕು. ಮುಂಜಾನಿ ಇಷ್ಟ ಇತ್ತು." ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಹೊತ್ತು ಮುಳುಗೂದ್ರಾಗ ಸಮುದ್ರ ಸಿಗ್ತದೇನ್ರಿ ಸಿಸ್ಟರ್?"

ನಿಧಾನವಾಗಿ ಹೋದೆವು. ದಾರಿಯಲ್ಲೊಂದು ಅಂಗಡಿಯಲ್ಲಿ ಆ ಟೈರನ್ನು ಬಿಚ್ಚಿಸಿ ಒಳಗೂ ನೋಡಿಸಿದರು ಸಿಸ್ಟರ್. ಸಮುದ್ರ ಸಿಕ್ಕಿತು. ಅವ್ವ ಸೀರೆ ಎತ್ತಿ ಕಟ್ಟಿ, ಸಿಸ್ಟರ್ ಕೈ ಹಿಡಿದು, ಕತ್ತಲಾಗುವವರೆಗೆ ನೀರಲ್ಲಿ ನಿಂತಳು. ಕಕ್ಕಸಿನ ನೆನಪೇ ಅವಳಿಗೆ ಬರಲಿಲ್ಲ. ಅದಾದ ಮೇಲೆ ಎಷ್ಟೋ ಸಲ ಹೋದೆವು. ಮುಂದಿನ ಸಲ ಎಲ್ಲಿಗೆ ಎಂದು ಅವ್ವನೇ ಕೇಳುವ ಹಾಗಾಯಿತು.

ಕಳೆದ ಚಳಿಗಾಲದಲ್ಲಿ ಸಿಸ್ಟರ್ ತೀರಿಕೊಂಡರು, ಹೆಚ್ಚು ನರಳದೆ. ನನ್ನ ಅವ್ವನ ಕಷ್ಟ ಮಗಳಾದ ನನಗೆ ಕಾಣಲಿಲ್ಲ, ಅವರಿಗೆ ಕಂಡಿತು. ಆ ಋಣ ನನ್ನ ಮೇಲಿದೆ, ಇರಲಿ. ಅಂಕಲ್ ಟ್ರೇಲರನ್ನು ಮಾರಿಬಿಡುತ್ತೇನೆ ಎಂದಾಗ ಅವ್ವ ಒಪ್ಪಲಿಲ್ಲ. "ನಾನು ಬರ್ತೀನಿ, ನಡೀರಿ," ಎಂದಳು.

ಮೊನ್ನೆ ಬೆಳಿಗ್ಗೆ ಜೋಕಾದ ಶೆಡ್ಡಿಗೆ ಮೂವರೂ ಹೋದೆವು. ಅಂಕಲ್ ಕೀಲಿಗೊಂಚಲು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಅವ್ವ ಅವರನ್ನು ದಾಟಿ ಹೋದಳು. ಗೋಡೆಗೆ ಕೈಯೂರಿ ಕಷ್ಟಪಟ್ಟು ಬಗ್ಗಿ, ಕೈಯ ಹಿಂಬದಿಯನ್ನು ಟೈರಿಗೆ ತಾಗಿಸಿದಳು.

"ತಣ್ಣಗದ," ಎಂದಳು. "ಗೇಜು ಕೊಡ್ರಿ."