ಟೀ ಬಿಟ್ಟ ದೊಡ್ಡಮ್ಮ

ಕಿಗ್ಗದಲ್ಲಿ ನಮ್ಮ ನೆರೆಮನೆಯಲ್ಲಿದ್ದ ದೊಡ್ಡಮ್ಮನಿಗೆ ಟೀ ಎಂದರೆ ಪ್ರಾಣ. ಆದರೂ ಒಂದು ದಿನ ಬಿಟ್ಟೇಬಿಟ್ಟರು. ಊರಿನ ಅಂಗಡಿಯಲ್ಲಿ ಸಿಗುತ್ತಿದ್ದುದು ಒಂದೇ ಕಂಪನಿಯ ಟೀಪುಡಿ. ಆ ಕಂಪನಿ ಚುನಾವಣೆಗೆಂದು ಪಕ್ಷವೊಂದಕ್ಕೆ ಕೋಟಿಗಟ್ಟಲೆ ಕೊಟ್ಟ ಸುದ್ದಿ ಪೇಪರಿನಲ್ಲಿ ಬಂದಿತ್ತು. ಯಾರು ಕೇಳಿದರೂ ಅವರ ಉತ್ತರ ಒಂದೇ: “ಓಟು ನಮ್ದು, ಮಾತು ನಡೆಯೋದು ಕಂಪನಿಯವ್ರದ್ದು. ಅದಕ್ಕೆ ನನ್ ದುಡ್ಡೂ ಬೇಕಾ?”

ಆಮೇಲೆ ಅವರ ಮನೆಯಲ್ಲಿ ಕೊತ್ತಂಬರಿ-ಜೀರಿಗೆ ಕಷಾಯವೇ. ನಮ್ಮಲ್ಲಿ ಟೀ ಕುದಿಯುವ ಹೊತ್ತಿಗೆ ಅವರ ಅಡುಗೆಮನೆಯ ಕಿಟಕಿ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

ಅದೇ ಪಕ್ಷದ ಅಭ್ಯರ್ಥಿ ಓಟು ಕೇಳಲು ಬಂದ ದಿನ ನಾನೂ ಅವರ ಜಗಲಿಯಲ್ಲಿದ್ದೆ. ಬಂದವರಿಗೆ ಬಾಯಾರಿಕೆಗೆ ಏನು ಬೇಕೆಂದು ಕೇಳದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. “ಒಂದು ಟೀ ಸಾಕಮ್ಮ” ಎಂದರು ಅಭ್ಯರ್ಥಿ. ದೊಡ್ಡಮ್ಮ ಕಷಾಯ ತಂದಿಟ್ಟು, ಕಾರಣವನ್ನೂ ಹೇಳಿದರು.

ಅಭ್ಯರ್ಥಿ ನಕ್ಕರು. “ಆ ಕಂಪನಿಯವ್ರು ನಮಗೊಬ್ರಿಗೇ ಅಲ್ಲಮ್ಮ, ಎಲ್ಲಾ ಪಕ್ಷಕ್ಕೂ ಕೊಡ್ತಾರೆ.”

“ನಾನೂ ಅಷ್ಟೇ ಮಾರಾಯ್ರೆ. ಎಲ್ಲಾ ಪಕ್ಷದವ್ರಿಗೂ ಕಷಾಯವೇ.”

ಅಭ್ಯರ್ಥಿಯ ಜೀಪು ಹೋದ ಮೇಲೆ ನಾನು ಮನೆಗೆ ಬಂದು ಟೀಗೆ ನೀರಿಟ್ಟೆ. ಕುದಿ ಬಂದರೂ ಎದುರಿನ ಕಿಟಕಿ ಮುಚ್ಚಲಿಲ್ಲ. ದೊಡ್ಡಮ್ಮ ಸರಳು ಹಿಡಿದು ನಿಂತಿದ್ದರು.

“ಇವತ್ತೊಂದಿನ ಬರ್ಲಿ ಬಿಡು ಮಾರಾಯ,” ಎಂದರು. “ವಾಸನೆಗೆ ಕಂಪನಿಯವ್ರು ದುಡ್ಡು ತಗೊಳಲ್ಲ.”